ಗಂಬೂಟು, ಗ್ಲೌಸು ಮತ್ತು ಬಿಡದ ತುರಿಕೆ: ಕಾಫಿ ತೋಟದ ಕೆಲಸಗಾರ್ತಿಯೊಬ್ಬರ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟಕ್ಕೆ ಸೇರಿದ್ದು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಕಾಯಿಲೆ ಸಾಗಿದ ಬಗೆ, ಚಿಕಿತ್ಸೆಯ ಕ್ರಮ, ನಡುನಡುವೆ ತೆಗೆದುಕೊಂಡ ತೀರ್ಮಾನಗಳು ಮಾತ್ರ ನಡೆದಂತೆಯೇ ಇವೆ. ನಾನು ಆ ಭಾಗದ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿ ಕೆಲಸ ಮಾಡುತ್ತೇನೆ. ಕೈಕಾಲಿನ ಇಸುಬು ನಮ್ಮಲ್ಲಿ ಮಳೆಗಾಲ ಬಂತೆಂದರೆ ದಿನವೂ ಕಾಣುವ ತೊಂದರೆ. ಆದರೆ ಅದರ ಬುಡದವರೆಗೆ ಹೋಗಿ ನೋಡುವ ಅವಕಾಶ ಸಿಗುವುದು ಅಪರೂಪ.

ಇಲ್ಲಿ ಗಿರಿಜಮ್ಮ ಎಂದು ಕರೆಯುವ ಹೆಂಗಸಿಗೆ ನಲವತ್ತು ದಾಟಿದೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ ವಾಸ. ಗಂಡನದೂ ಅದೇ ತೋಟದಲ್ಲಿ ಕೆಲಸ. ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ, ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮುಂಗಾರಿಗೆ ಮೊದಲು ಗಿಡದ ರೋಗ ತಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಸಿಂಪಡಣೆಗೆ ಸುಣ್ಣ ಕಲಸಿಕೊಡುವುದು, ಮಳೆಯಲ್ಲಿ ಕಳೆ ಕೀಳುವುದು ಮತ್ತು ಚಿಗುರು ತೆಗೆಯುವುದು, ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿ ಕಳೆಯುತ್ತಿದ್ದಂತೆ ರೊಬಸ್ಟಾ ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವ ದಿನಗಳಲ್ಲಿ ಬೀಜದ ಲೋಳೆ ತೊಳೆಯುವುದು ಅವರ ವರ್ಷದ ಕೆಲಸ. ಸಂಜೆ ಮನೆಗೆ ಬಂದರೆ ಪಾತ್ರೆ, ಬಟ್ಟೆ, ಒಲೆ ಕಾದೇ ಇರುತ್ತವೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿರುವುದನ್ನು ಅಥವಾ 20ಕ್ಕಿಂತ ಹೆಚ್ಚು ಸಲ ಕೈ ತೊಳೆಯುವುದನ್ನು ಚರ್ಮಕ್ಕೆ ಅಪಾಯಕಾರಿಯಾದ ಒದ್ದೆ ಕೆಲಸವೆಂದು ವೈದ್ಯರು ಪರಿಗಣಿಸುತ್ತಾರೆ. ಆ ಅಳತೆಯಲ್ಲಿ ನೋಡಿದರೆ ತೋಟದ ಹೆಂಗಸರು ಬಹುತೇಕ ವರ್ಷಪೂರ್ತಿ ಅಪಾಯದಲ್ಲೇ ಇರುತ್ತಾರೆ. ಚಿಕ್ಕಂದಿನಲ್ಲಿ ಗಿರಿಜಮ್ಮನವರಿಗೆ ಉಬ್ಬಸವಿತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆಯಿತ್ತು ಎಂಬುದು ಬಹಳ ತಡವಾಗಿ, ಅವರ ತಾಯಿಯ ಬಾಯಿಂದ ಗೊತ್ತಾಯಿತು. ಅಂಥ ಹಿನ್ನೆಲೆಯಿರುವವರ ಚರ್ಮ ಒದ್ದೆ ಕೆಲಸಕ್ಕೆ ಬೇಗ ಸೋಲುತ್ತದೆ.

ಸಮಸ್ಯೆ

ಅವರು ನನ್ನ ಬಳಿ ಬಂದದ್ದು ತುರಿಕೆಯನ್ನು ಹೇಳಿಕೊಳ್ಳುವುದಕ್ಕಲ್ಲ. "ಸಿಸ್ಟರೇ, ರೇಷನ್ ಅಂಗಡೀಲಿ ನನ್ನ ಥಂಬು ತಗೊಳ್ತಾ ಇಲ್ಲ. ಬೆರಳು ಸರಿಯಿಲ್ಲ ಅಂತ ಒಂದು ಚೀಟಿ ಬರ್ಕೊಡಿ" ಎಂದು ಕೇಳಿದರು. ಮಗಳು ಊರಲ್ಲಿದ್ದಾಗ ಆಕೆಯ ಬೆರಳಚ್ಚಿನಿಂದಲೇ ಕೆಲಸ ನಡೆಯುತ್ತಿತ್ತು. ಅವಳು ಹಾಸ್ಟೆಲ್ ಸೇರಿದ ಮೇಲೆ ತಾಯಿಯೇ ಹೋಗಬೇಕಾಯಿತು. ಕೈ ತೋರಿಸಿ ಎಂದಾಗ ಸೆರಗಿನೊಳಗಿಂದ ಮೆಲ್ಲಗೆ ಹೊರತೆಗೆದರು. ಬೆರಳ ತುದಿಗಳ ಗೆರೆಗಳು ಅಳಿಸಿಹೋಗಿ ಚರ್ಮ ಹೊಳೆಯುತ್ತಿತ್ತು. ಬೆರಳುಗಳ ಪಕ್ಕದಲ್ಲಿ ಚರ್ಮದೊಳಗೇ ಹುದುಗಿದ, ಸಾಬಕ್ಕಿ ಕಾಳಿನಂಥ ಗುಳ್ಳೆಗಳಿದ್ದವು. ಅಂಗೈ ದಪ್ಪಗಾಗಿ ಅಡ್ಡಡ್ಡ ಬಿರಿದು, ಕೆಲವು ಬಿರುಕುಗಳಲ್ಲಿ ರಕ್ತ ಒಣಗಿತ್ತು. ಕಾಲಿನ ಮೇಲ್ಭಾಗದಿಂದ ಮೀನಖಂಡದ ಅರ್ಧದವರೆಗೆ ಚರ್ಮ ಕಪ್ಪಾಗಿ, ಒರಟಾಗಿ, ಕೆರೆದ ಗೀರುಗಳಿಂದ ತುಂಬಿತ್ತು.

ತುರಿಕೆ ಶುರುವಾಗಿ ಎರಡು ಮಳೆಗಾಲ ಕಳೆದಿದ್ದವು. ಹಗಲು ಕೆಲಸದ ನಡುವೆ ಹೇಗೋ ತಡೆದುಕೊಳ್ಳಬಹುದಿತ್ತು. ರಾತ್ರಿ ಕಂಬಳಿ ಹೊದ್ದು ಮೈ ಬೆಚ್ಚಗಾದೊಡನೆ ಕಾಲಿನಿಂದ ಶುರುವಾಗುತ್ತಿತ್ತು. ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದನ್ನು ಉಜ್ಜಿ ಉಜ್ಜಿ, ಕೊನೆಗೆ ಎದ್ದು ಕೂತು, ರಕ್ತ ಬರುವವರೆಗೆ ಕೆರೆದುಕೊಂಡ ಮೇಲೆಯೇ ನಿದ್ದೆ. ಅಕ್ಕಿ ರೊಟ್ಟಿ ತಟ್ಟುವುದನ್ನು ಬಿಟ್ಟಿದ್ದರು. ಹಸಿಮೆಣಸು ಮುಟ್ಟಿದರೆ ಪ್ರಾಣ ಹೋಗುವಷ್ಟು ಉರಿ. ಇದಕ್ಕಿಂತ ಹೆಚ್ಚು ನೋಯಿಸಿದ್ದು ಲೈನಿನ ಜನರ ನಡವಳಿಕೆ. ಮದುವೆಯೊಂದರಲ್ಲಿ ಅಡುಗೆಗೆ ಕೈಹಾಕಲು ಹೋದಾಗ "ನೀನು ಕೂತ್ಕೋ ಅಕ್ಕ, ನಾವು ಮಾಡ್ತೀವಿ" ಎಂದರಂತೆ. ಮಾತು ಮರ್ಯಾದೆಯದೇ ಆದರೂ ಅದರ ಅರ್ಥ ಅವರಿಗೆ ಗೊತ್ತಾಗಿತ್ತು. ಇಸುಬು ಒಬ್ಬರಿಂದೊಬ್ಬರಿಗೆ ಅಂಟುವ ಕಾಯಿಲೆಯಲ್ಲ ಎಂದು ನಾನು ಮೊದಲು ಹೇಳಬೇಕಾದದ್ದು ಗಿರಿಜಮ್ಮನವರಿಗಲ್ಲ, ಅವರ ಗಂಡನಿಗೆ ಮತ್ತು ಅಕ್ಕಪಕ್ಕದ ಮನೆಯವರಿಗೆ ಎಂದು ಅನ್ನಿಸಿತು. ಹಾಗೆ ಹೇಳುವ ಮೊದಲು ಅದು ಕಜ್ಜಿಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕಿತ್ತು. ಕಜ್ಜಿಯಾಗಿದ್ದರೆ ಮನೆಯ ಉಳಿದವರಿಗೂ ತುರಿಕೆ ಇರುವುದು ಸಾಮಾನ್ಯ, ಹೊಕ್ಕುಳ ಸುತ್ತ, ಕಂಕುಳಲ್ಲಿ, ಬೆರಳ ಸಂದುಗಳಲ್ಲಿ ಗುರುತುಗಳು ಕಾಣುತ್ತವೆ. ಇಲ್ಲಿ ಅದ್ಯಾವುದೂ ಇರಲಿಲ್ಲ.

ಮೊದಲು ಮಾಡಿಕೊಂಡ ಉಪಾಯಗಳು

ಅಲ್ಲಿಯವರೆಗೆ ಅವರು ಸುಮ್ಮನಿರಲಿಲ್ಲ. ನಂಜು ಎಂದು ಬದನೆಕಾಯಿ, ಒಣಮೀನು, ಹಲಸು ಬಿಟ್ಟಿದ್ದರು. ಸಂಜೆ ಉಪ್ಪು ಹಾಕಿದ ಸುಡುನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದರು. ಸುಡುನೀರು ತುರಿಕೆಯನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ, ಆ ಸುಖವೇ ಮೋಸ. ಚರ್ಮದ ಎಣ್ಣೆಯಂಶ ತೊಳೆದುಹೋಗಿ ಗಂಟೆಯೊಳಗೆ ತುರಿಕೆ ಇಮ್ಮಡಿಯಾಗಿ ಮರಳುತ್ತದೆ. ಬೇವಿನೆಣ್ಣೆಗೆ ಅರಿಸಿನ ಕಲಸಿ ಹಚ್ಚಿದ್ದರು. ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತದಿರಲೆಂದು ಗಂಬೂಟು ಹಾಕುವ ಮೊದಲು ಸುಣ್ಣ ಮತ್ತು ಹೊಗೆಸೊಪ್ಪು ತಿಕ್ಕಿಕೊಳ್ಳುವ ರೂಢಿಯೂ ಇತ್ತು. ಬಿರಿದ ಚರ್ಮಕ್ಕೆ ಸುಣ್ಣ ಎಷ್ಟು ಕೆಟ್ಟದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಒಂದು ಟ್ಯೂಬು. ಪೇಟೆಯ ಔಷಧಿ ಅಂಗಡಿಯಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದಾಗ ಕೊಟ್ಟ ಆ ಕ್ರೀಮಿನಲ್ಲಿ ಕ್ಲೊಬೆಟಸಾಲ್ ಎಂಬ ಅತಿ ತೀವ್ರ ಸ್ಟೆರಾಯ್ಡ್, ಒಂದು ಆ್ಯಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ ಮೂರೂ ಸೇರಿದ್ದವು. ಹಚ್ಚಿದ ಮೂರ್ನಾಲ್ಕು ದಿನಕ್ಕೆ ತುರಿಕೆ ನಿಂತಿತು. ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ಜೋರಾಗಿ ಬಂತು. ಮತ್ತೊಂದು ಟ್ಯೂಬು ತಂದರು. ಹೀಗೆ ಒಂದೂವರೆ ವರ್ಷ. ಕ್ಲೊಬೆಟಸಾಲ್‌ನಂಥ ಹಚ್ಚುವ ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಹಾಗಿದ್ದೂ ನಮ್ಮ ಕಡೆ ಈ ಟ್ಯೂಬುಗಳು ಹಲ್ಲುಜ್ಜುವ ಪೇಸ್ಟಿನಷ್ಟೇ ಸುಲಭವಾಗಿ ಸಿಗುತ್ತವೆ ಎಂಬುದು ನನಗೆ ಇಂದಿಗೂ ಸಂಕಟದ ಸಂಗತಿ. ಸ್ಟೆರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. ಈ ಪ್ರಕರಣದಲ್ಲೇ ಮುಂದೆ ಗುಣ ಕಂಡದ್ದೂ ಸ್ಟೆರಾಯ್ಡ್‌ನಿಂದಲೇ. ಯಾವುದಕ್ಕೆ, ಎಷ್ಟು ದಿನ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಯಾರೂ ಹೇಳದೆ ಕೊಟ್ಟದ್ದು ತಪ್ಪು.

ಇಷ್ಟರಲ್ಲಿ ತಾಯಿಯ ಕೈ ನೋಡಿ ಮರುಗಿದ ಮಗ ಬೆಂಗಳೂರಿನಿಂದ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು ತಂದುಕೊಟ್ಟಿದ್ದ. ಪಾತ್ರೆ ತೊಳೆಯಲು, ಕಳೆ ಕೀಳಲು ಅವನ್ನೇ ಹಾಕಿಕೊಂಡರು. ಕೆಲವೇ ದಿನಗಳಲ್ಲಿ ಅಂಗೈಯಲ್ಲಿದ್ದ ತುರಿಕೆ ಮುಂಗೈಗೂ ಏರಿತು. "ಕೈಗೆ ಉಸಿರು ಕಟ್ಟಿದಂಗಾಗುತ್ತೆ" ಎಂದು ಅವರು ಗ್ಲೌಸನ್ನು ಮೂಲೆಗೆಸೆದಾಗ ಮನೆಯವರೆಲ್ಲ ಅವರನ್ನೇ ಬೈದರು. ಮಗ ಪ್ರೀತಿಯಿಂದ ತಂದದ್ದನ್ನು ಹಾಕುವುದಿಲ್ಲ, ಆಮೇಲೆ ಕೈ ನೋವೆಂದು ಅಳುತ್ತಾಳೆ ಎಂದು ಗಂಡ ನನ್ನೆದುರೇ ದೂರಿದರು.

ತಿರುವು

ಗಂಡನ ಆ ದೂರೇ ನಮಗೆ ದಾರಿ ತೋರಿಸಿತು. ಗ್ಲೌಸು ಹಾಕಿದ ಮೇಲೆ ಹೆಚ್ಚಾಯಿತು ಎಂಬುದನ್ನು ಹಟವೆಂದು ತಳ್ಳಿಹಾಕದೆ ರೋಗಲಕ್ಷಣವೆಂದು ತೆಗೆದುಕೊಂಡರೆ ಏನಾಗುತ್ತದೆ? ಮಾರನೆಯ ಭೇಟಿಗೆ ಬರುವಾಗ ಆ ಗ್ಲೌಸನ್ನೂ, ಕೆಲಸಕ್ಕೆ ಹಾಕುವ ಗಂಬೂಟನ್ನೂ, ಮನೆಯಲ್ಲಿ ಮೆಟ್ಟುವ ಚಪ್ಪಲಿಯನ್ನೂ ತರಲು ಹೇಳಿದೆ. ಗಂಬೂಟನ್ನು ಕಾಲಿನ ಪಕ್ಕ ಇಟ್ಟು ನೋಡಿದಾಗ ಅದರ ಬಾಯಿ ಎಲ್ಲಿಗೆ ಬರುತ್ತದೋ ಸರಿಯಾಗಿ ಅಲ್ಲಿಗೇ ಇಸುಬಿನ ಗೆರೆ ನಿಂತಿತ್ತು. ಮುಂಗೈಯ ಹೊಸ ಕೆಂಪು ಗ್ಲೌಸಿನ ಅಂಚಿನಲ್ಲಿ ಮುಗಿಯುತ್ತಿತ್ತು. ಇನ್ನೂ ಒಂದು ಗುರುತು ಕಂಡಿತು: ಕಪ್ಪಾದ ಪಾದದ ಮೇಲೆ, ಹೆಬ್ಬೆರಳ ಸಂದಿನಿಂದ ಎರಡೂ ಕಡೆಗೆ ಕವಲೊಡೆದ ಹೆಚ್ಚು ಒರಟಾದ ಪಟ್ಟಿ, ಹವಾಯಿ ಚಪ್ಪಲಿಯ ಬಾರಿನ ಅಳತೆಯದೇ. ಅಂದರೆ ಗಂಬೂಟು ಕಳಚಿದ ಮೇಲೂ, ಭಾನುವಾರದ ರಜೆಯಲ್ಲೂ, ಆ ಕಾಲುಗಳಿಗೆ ರಬ್ಬರಿನಿಂದ ಬಿಡುವು ಸಿಗುತ್ತಿರಲಿಲ್ಲ.

ಸಂಪರ್ಕದಿಂದ ಬರುವ ಅಲರ್ಜಿಯ ಒಂದು ಗುಣ ಜನರನ್ನು ದಾರಿ ತಪ್ಪಿಸುತ್ತದೆ. ಕೀಟ ಕಚ್ಚಿದ ಹಾಗೆ ಅದು ಆಗಲೇ ಏಳುವುದಿಲ್ಲ. ಮುಟ್ಟಿ ಒಂದೆರಡು ದಿನ ಕಳೆದ ಮೇಲೆ ತುರಿಕೆ, ಗುಳ್ಳೆ ಕಾಣುತ್ತವೆ. ವರ್ಷಗಟ್ಟಲೆ ಏನೂ ಮಾಡದ ವಸ್ತು ಒಂದು ದಿನ ದೇಹಕ್ಕೆ ಆಗದಂತಾಗಬಹುದು. ಅದಕ್ಕೇ "ಇಷ್ಟು ವರ್ಷದಿಂದ ಇದೇ ಬೂಟು ಹಾಕ್ತಾ ಇದ್ದೀನಲ್ಲ ಸಿಸ್ಟರೇ" ಎಂಬ ಅವರ ಮಾತು ಸಹಜವಾದದ್ದೇ ಆದರೂ ಗಂಬೂಟು ನಿರಪರಾಧಿ ಎನ್ನಲು ಸಾಕ್ಷಿಯಾಗುವುದಿಲ್ಲ.

ದೂರದಿಂದಲೇ ವೈದ್ಯರ ಸಲಹೆ ಪಡೆಯುವ ಸರ್ಕಾರಿ ಆನ್‌ಲೈನ್ ಸೇವೆಯಾದ ಇ-ಸಂಜೀವಿನಿಯಲ್ಲಿ ವೈದ್ಯರಿಗೆ ಚಿತ್ರಗಳನ್ನು ತೋರಿಸಿದಾಗ ಜಿಲ್ಲಾ ಕೇಂದ್ರದ ಚರ್ಮರೋಗ ವಿಭಾಗಕ್ಕೆ ಕಳಿಸಲು ಸೂಚಿಸಿದರು. ಅಲ್ಲಿನ ತಜ್ಞರು ಮೊದಲು ಮಾಡಿದ್ದು ಅಲರ್ಜಿಯ ಪರೀಕ್ಷೆಯನ್ನಲ್ಲ. ಬಲಗಾಲಿನ ಕಿರುಬೆರಳ ಸಂದಿನ ಬಿಳಿ ಪೊರೆಯನ್ನು ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಶಿಲೀಂಧ್ರ ಇತ್ತು. ಜನ ಕೆಸರುಹುಣ್ಣು ಎಂದು ಸುಮ್ಮನಾಗುವ ಬೆರಳ ಸಂದಿನ ಈ ಸೋಂಕು ಸ್ಟೆರಾಯ್ಡ್ ಕ್ರೀಮಿನ ಕೆಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಕಾಲಿನ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯಾಗಿ ಅಂಗೈಯಲ್ಲಿ ತುರಿಸುವ ಗುಳ್ಳೆಗಳು ಏಳುವುದೂ ಉಂಟು. ಹಾಗಾಗಿ ಇಲ್ಲಿ ಕಾರಣ ಒಂದಲ್ಲ. ಒದ್ದೆ ಕೆಲಸ, ಶಿಲೀಂಧ್ರ, ಬಹುಶಃ ರಬ್ಬರಿನ ಅಲರ್ಜಿ, ಇವುಗಳ ಮೇಲೆ ಮುಸುಕೆಳೆದ ಟ್ಯೂಬು ಎಲ್ಲ ಸೇರಿದ್ದವು. ಒಂದನ್ನೇ ಹಿಡಿದು ಚಿಕಿತ್ಸೆ ಮಾಡಿದ್ದರೆ ಅರ್ಧ ವಾಸಿಯಾಗಿ ಮರಳುತ್ತಿತ್ತು.

ಚಿಕಿತ್ಸೆ ಮತ್ತು ನಡೆದದ್ದು

ಮಿಶ್ರ ಟ್ಯೂಬನ್ನು ಪೂರ್ತಿ ನಿಲ್ಲಿಸಲಾಯಿತು. ಬೆರಳ ಸಂದಿಗೆ ಶಿಲೀಂಧ್ರನಾಶಕ ಮಾತ್ರ ಇರುವ ಮುಲಾಮು ಕೊಟ್ಟರು. ನೀರು ಸುರಿಯುತ್ತಿದ್ದ ಭಾಗಗಳಿಗೆ, ತೆಳು ಗುಲಾಬಿ ಬಣ್ಣ ಬರುವಷ್ಟು ಮಾತ್ರ ಪೊಟ್ಯಾಶಿಯಂ ಪರ್ಮಾಂಗನೇಟ್ ಕರಗಿಸಿದ ನೀರಿನಲ್ಲಿ ದಿನಕ್ಕೆ ಹತ್ತು ನಿಮಿಷ ನೆನೆಸುವುದು, ಸುರಿತ ಒಣಗಿದ ದಿನವೇ ಅದನ್ನು ಬಿಡುವುದು. ಬಣ್ಣ ಗಾಢವಾದರೆ ಚರ್ಮ ಸುಡುತ್ತದೆಂದು ಒಂದು ಹರಳನ್ನು ಮಗ್ಗಿನಲ್ಲಿ ಕರಗಿಸಿ, ಅದರಿಂದ ಸ್ವಲ್ಪವೇ ಬಕೆಟ್ಟಿಗೆ ಹಾಕಿ ತೋರಿಸಿದೆ. ಅಂಗೈಗೆ ಮತ್ತು ಕಾಲಿನ ದಪ್ಪ ಚರ್ಮಕ್ಕೆ ತಜ್ಞರು ಬರೆದದ್ದು ಸ್ಟೆರಾಯ್ಡ್ ಮುಲಾಮೇ, ಆದರೆ ರಾತ್ರಿ ಒಂದು ಸಲ ಮಾತ್ರ, ಗೊತ್ತಾದ ವಾರಗಳವರೆಗೆ; ಆಮೇಲೆ ದಿಢೀರನೆ ನಿಲ್ಲಿಸದೆ ವಾರಕ್ಕೆರಡು ಸಲಕ್ಕೆ ಇಳಿಸುವುದು. ಎಷ್ಟು ಹಚ್ಚಬೇಕು ಎಂಬುದಕ್ಕೆ ತೋರುಬೆರಳ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು ಅಳತೆ. ಅದು ಸುಮಾರು ಅರ್ಧ ಗ್ರಾಂ, ಬೆರಳು ಸೇರಿಸಿ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಈ ಅಳತೆ ಗೊತ್ತಾದ ಮೇಲೆ "ಜಾಸ್ತಿ ಹಚ್ಚಿದ್ನೋ, ಕಮ್ಮಿಯಾಯ್ತೋ" ಎಂಬ ಅವರ ಭಯ ಹೋಯಿತು.

ಕೈ ತೊಳೆದಾಗಲೆಲ್ಲ ಒರೆಸಿ, ಇನ್ನೂ ತೇವವಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಸವರುವುದು ಕೇಳಲು ಸಣ್ಣ ಮಾತು, ಮಾಡಿಸಲು ಎಲ್ಲಕ್ಕಿಂತ ಕಷ್ಟ. ಡಬ್ಬಿ ಕಪಾಟಿನಲ್ಲಿದ್ದರೆ ಯಾರೂ ಹಚ್ಚುವುದಿಲ್ಲ. ಬಚ್ಚಲ ಕಿಟಕಿಯಲ್ಲಿ ಒಂದು, ಕೆಲಸದ ಚೀಲದಲ್ಲಿ ಒಂದು ಡಬ್ಬಿ ಇಟ್ಟುಕೊಂಡ ಮೇಲೆ ಅದು ರೂಢಿಯಾಯಿತು. ರಾತ್ರಿ ಮುಲಾಮಿನ ಮೇಲೆ ಜೆಲ್ಲಿ ಹಚ್ಚಿ ಹಳೆಯ ಹತ್ತಿಯ ಕಾಲುಚೀಲ ಹಾಕಿ ಮಲಗುವುದು ತುರಿಕೆಯನ್ನೂ ಕೆರೆತವನ್ನೂ ಒಟ್ಟಿಗೆ ತಗ್ಗಿಸಿತು. ತುರಿಕೆ ತಡೆಯಲಾರದಾಗ ಕೆರೆಯುವ ಬದಲು ತಣ್ಣೀರಿನ ಬಟ್ಟೆ ಒತ್ತಿ ಹಿಡಿಯಲು ಹೇಳಿದ್ದೆ. ಅದು ಅವರಿಗೆ ಚೆನ್ನಾಗಿ ಹಿಡಿಸಿತು.

ಚರ್ಮಕ್ಕೆ ಯಾವ ವಸ್ತು ಆಗದೆಂದು ತಿಳಿಯಲು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ತಡವಾಯಿತು, ತಡವಾಗಬೇಕೂ ಇತ್ತು. ಇಸುಬು ಕೆರಳಿರುವಾಗ ಆ ಪರೀಕ್ಷೆ ಮಾಡಿದರೆ ಬೆನ್ನೆಲ್ಲ ಕೆಂಪಾಗಿ ಫಲಿತಾಂಶ ನಂಬಲಾಗುವುದಿಲ್ಲ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆ ಒದ್ದೆಯಾಗದಂತೆ, ಬೆವರದಂತೆ ಕಾಪಾಡಬೇಕು. ತೆಗೆದ ಮೇಲೆ ಒಮ್ಮೆ, ಇನ್ನೊಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ದಿನಗೂಲಿಯವರಿಗೆ ಇದು ವಾರದ ಸಂಬಳದ ಪ್ರಶ್ನೆ. ಕೊಯ್ಲು ಶುರುವಾಗುವ ಮೊದಲಿನ ಬಿಡುವನ್ನು ಆರಿಸಿಕೊಂಡು, ಪೇಟೆಯ ಸಂಬಂಧಿಕರ ಮನೆಯಲ್ಲಿ ಉಳಿದು ಮಾಡಿಸಿಕೊಂಡರು. ಎರಡು ವಸ್ತುಗಳಿಗೆ ಬೆನ್ನು ಪ್ರತಿಕ್ರಿಯಿಸಿತು. ಒಂದು ನಿಕಲ್. ಹಿಂದೆ ಗಿಲೀಟಿನ ಓಲೆ ಹಾಕಿದಾಗ ಕಿವಿ ಹುಣ್ಣಾಗುತ್ತಿದ್ದುದಕ್ಕೆ ಅದು ಕಾರಣ, ಕೈಕಾಲಿನ ಇಸುಬಿಗೆ ಅದರ ಸಂಬಂಧವಿಲ್ಲವೆಂದು ತಜ್ಞರು ಪಕ್ಕಕ್ಕಿಟ್ಟರು. ಪರೀಕ್ಷೆಯಲ್ಲಿ ಕೆಂಪಾದದ್ದೆಲ್ಲ ಅಪರಾಧಿಯಲ್ಲ. ಇನ್ನೊಂದು ಥೈಯುರಮ್ ಗುಂಪಿನ ರಾಸಾಯನಿಕ. ರಬ್ಬರನ್ನು ಗಂಧಕದೊಡನೆ ಬೇಯಿಸಿ ಗಟ್ಟಿ ಮಾಡುವಾಗ ಆ ಕೆಲಸ ಬೇಗ ಆಗಲೆಂದು ಸೇರಿಸುವಂಥದ್ದು. ಬೆವರಿನಲ್ಲಿ ಅದು ಸ್ವಲ್ಪ ಸ್ವಲ್ಪವೇ ಕರಗಿ ಚರ್ಮಕ್ಕಿಳಿಯುತ್ತದೆ. ಮಗ ತಂದ ಗ್ಲೌಸು ಕೈಯನ್ನು ಏಕೆ ಕೆಡಿಸಿತೆಂದು ಆಗ ಮನೆಯವರಿಗೆ ಅರ್ಥವಾಯಿತು. ಗಂಡ ಆ ದಿನ ಹೆಚ್ಚು ಮಾತಾಡಲಿಲ್ಲ, ಆದರೆ ಸಂಜೆಯ ಪಾತ್ರೆಗಳನ್ನು ಅಂದಿನಿಂದ ಅವರೇ ತೊಳೆಯುತ್ತಿದ್ದಾರೆ. ಯಾವ ಮುಲಾಮಿಗೂ ಕಡಿಮೆಯಿಲ್ಲದ ಚಿಕಿತ್ಸೆ ಅದು ಎಂದೇ ನಾನು ತಿಳಿದಿದ್ದೇನೆ.

ರಬ್ಬರ್ ಬಿಟ್ಟು ಏನು ಹಾಕುವುದು ಎಂಬುದು ಮುಂದಿನ ಪ್ರಶ್ನೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸು ಸಿಗುತ್ತದೆ, ಆದರೆ ಅದರಲ್ಲೂ ಇಂಥದೇ ರಾಸಾಯನಿಕಗಳಿರಬಹುದು. ಹಾಗಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಗ್ಲೌಸು, ಅದರೊಳಗೆ ತೆಳ್ಳನೆಯ ಹತ್ತಿಯ ಗ್ಲೌಸು, ಒಮ್ಮೆಗೆ ಅರ್ಧ ಗಂಟೆಗಿಂತ ಹೆಚ್ಚಿಲ್ಲದಂತೆ. ಕಾಲಿಗೆ ಪಿವಿಸಿ ಗಂಬೂಟು, ಮಧ್ಯಾಹ್ನ ಬದಲಿಸಲು ಇನ್ನೊಂದು ಜೊತೆ ಹತ್ತಿಯ ಕಾಲುಚೀಲ. ಹಳೆಯ ಕಾಲುಚೀಲಗಳನ್ನು ಎಸೆಯಲೇಬೇಕಾಯಿತು, ಏಕೆಂದರೆ ಬೂಟಿನಿಂದ ಹತ್ತಿದ ರಾಸಾಯನಿಕ ಒಗೆದರೂ ಪೂರ್ತಿ ಹೋಗುವುದಿಲ್ಲ. ಹವಾಯಿ ಚಪ್ಪಲಿಯ ಜಾಗಕ್ಕೆ ಪೂರ್ತಿ ಪ್ಲಾಸ್ಟಿಕ್ಕಿನದು ಬಂತು. ಇಂಬಳಕ್ಕೆ ಸುಣ್ಣ ಬಿಟ್ಟು, ಕಾಲುಚೀಲದ ಹೊರಗಿನಿಂದ ಮಾತ್ರ ಉಪ್ಪಿನ ಪುಡಿ.

ಮಳೆ ನಿಲ್ಲುವ ಹೊತ್ತಿಗೆ ಕಾಲಿನ ಇಸುಬು ಮುಕ್ಕಾಲು ಭಾಗ ವಾಸಿಯಾಗಿತ್ತು. ಕೈ ಹಿಂದೆ ಬಿತ್ತು. ಕೊಯ್ಲಿನಲ್ಲಿ ಪಿವಿಸಿ ಗ್ಲೌಸು ಹಾಕಿದರೆ ಹಣ್ಣು ಬೆರಳಿಗೆ ಹತ್ತುವುದಿಲ್ಲ, ಕಾಯಿಯೂ ಹಣ್ಣೂ ಸೇರಿ ಬರುತ್ತವೆ, ತೂಕದ ಕೂಲಿ ಇಳಿಯುತ್ತದೆ. ಡಿಸೆಂಬರಿನಲ್ಲಿ ಅವರು ಗ್ಲೌಸು ತೆಗೆದಿಟ್ಟರು, ಎರಡೇ ವಾರಕ್ಕೆ ಬಿರುಕುಗಳು ಮರಳಿದವು. ಅಲ್ಲಿ ಉಪದೇಶದಿಂದ ಏನೂ ಆಗುವಂತಿರಲಿಲ್ಲ. ಕೊಯ್ಲಿಗೆ ಬರಿಗೈ, ಆದರೆ ಹೊರಡುವ ಮೊದಲು ಮತ್ತು ಊಟದ ಹೊತ್ತಿಗೆ ಜೆಲ್ಲಿ. ಅಂಟು ತೆಗೆಯಲು ಬಟ್ಟೆ ಸೋಪಿನಿಂದ ತಿಕ್ಕುವ ಬದಲು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿ ತೊಳೆಯುವುದು ಎಂದು ಒಪ್ಪಂದವಾಯಿತು. ಪಲ್ಪರ್ ಮನೆಯ ಒದ್ದೆ ಕೆಲಸದಿಂದ ಬಿಡುಗಡೆ ಬೇಕಿತ್ತು. ತಜ್ಞರ ಚೀಟಿ ಹಿಡಿದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬಳಿ ಮಾತಾಡಿದಾಗ ಅವರು ಗಿರಿಜಮ್ಮನವರನ್ನು ಅದೇ ಕೂಲಿಗೆ ಕಣಕ್ಕೆ, ಬೀಜ ಹರಡಿ ಆಡಿಸುವ ಕೆಲಸಕ್ಕೆ ಹಾಕಿದರು. ಒಣಗಿದ ಕೆಲಸ, ಒಣಗಿದ ಕೈ.

ಇತರರಿಗೆ ಉಪಯೋಗವಾಗಬಹುದಾದದ್ದು

ಕೈಕಾಲು ಎರಡರಲ್ಲೂ ಇಸುಬು ಇರುವವರು ಬಂದರೆ ಅದರ ಗಡಿ ಎಲ್ಲಿ ನಿಲ್ಲುತ್ತದೆ ಎಂದು ನಾನೀಗ ಮೊದಲು ನೋಡುತ್ತೇನೆ. ಬೂಟಿನ ಬಾಯಿ, ಗ್ಲೌಸಿನ ಅಂಚು, ಚಪ್ಪಲಿಯ ಬಾರು, ವಾಚಿನ ಪಟ್ಟಿ ಇವುಗಳ ಆಕಾರ ಚರ್ಮದ ಮೇಲೆ ಕಂಡರೆ ಅದು ಆಹಾರದ ನಂಜಲ್ಲ. ಕಾಲ್ಬೆರಳ ಸಂದುಗಳನ್ನು ಬಿಡಿಸಿ ನೋಡದೆ ಕಾಲಿನ ಪರೀಕ್ಷೆ ಮುಗಿಯುವುದಿಲ್ಲ. ಆಮೇಲೆ ಟ್ಯೂಬು: ಹಚ್ಚುತ್ತಿರುವುದನ್ನು ತಂದು ತೋರಿಸಿ ಎಂದರೆ ಹತ್ತರಲ್ಲಿ ಹಲವರು ಕ್ಲೊಬೆಟಸಾಲ್ ಬೆರೆತದ್ದನ್ನೇ ತರುತ್ತಾರೆ. ಅದನ್ನು ಬೈದು ಕಿತ್ತುಕೊಂಡರೆ ಅವರು ಮತ್ತೆ ಬರುವುದಿಲ್ಲ. ಅದು ಅವರಿಗೆ ನಿದ್ದೆ ಕೊಟ್ಟ ವಸ್ತು ಎಂಬುದನ್ನು ಒಪ್ಪಿಕೊಂಡು, ಬದಲಿಗೆ ಇನ್ನೇನೆಂದು ಕೈಯಲ್ಲಿ ಕೊಟ್ಟು ಕಳಿಸಬೇಕು.

ಚರ್ಮ ನೋಡಲು ಸರಿಯಾದ ಮೇಲೂ ಅದರ ತಡೆಗೋಡೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಬಹುಪಾಲು ಜನ ಎಡವುವುದು ಈ ಅವಧಿಯಲ್ಲಿ, ಗಿರಿಜಮ್ಮನವರು ಎಡವಿದ್ದೂ ಇಲ್ಲೇ. ಹಾಗಾಗಿ ಗುಣವಾಯಿತು ಎಂದು ಕಂಡ ದಿನವೇ ಮುಂದಿನ ಹಂಗಾಮಿನ ಕೆಲಸ ಯಾವುದು, ಅದರಲ್ಲಿ ಕೈ ಎಷ್ಟು ಹೊತ್ತು ಒದ್ದೆಯಾಗುತ್ತದೆ ಎಂದು ಕೂತು ಮಾತಾಡುವುದು ಒಳ್ಳೆಯದು. ಕೆಂಪಾಗಿ ಊದಿ, ಹಳದಿ ಕೀವು ಬಂದು, ಜ್ವರ ಕಾಣಿಸಿದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೆರೆದ ಚರ್ಮಕ್ಕೆ ಬ್ಯಾಕ್ಟೀರಿಯಾ ಸೋಂಕು ಬೇಗ ಹತ್ತುತ್ತದೆ.

ಮರುವರ್ಷದ ಆಷಾಢದ ಮಳೆಯಲ್ಲಿ ಗಿರಿಜಮ್ಮನವರ ಬೆರಳ ಪಕ್ಕ ಕೆಲವು ಗುಳ್ಳೆಗಳು ಎದ್ದವು. ವಾರಕ್ಕೆರಡರ ಮುಲಾಮನ್ನು ಕೆಲವು ದಿನ ಪ್ರತಿ ರಾತ್ರಿಗೆ ಏರಿಸಿದಾಗ ಅಡಗಿದವು. ರಬ್ಬರಿನ ಅಲರ್ಜಿ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ರೇಷನ್ ಅಂಗಡಿಯ ಮೆಷೀನು ಅವರ ಎಡಗೈ ತೋರುಬೆರಳನ್ನು ಈಗ ತೆಗೆದುಕೊಳ್ಳುತ್ತದೆ, ಬಲಗೈಯದನ್ನು ಇನ್ನೂ ಇಲ್ಲ. ಅದೇ ಲೈನಿನ ಇನ್ನಿಬ್ಬರು ಹೆಂಗಸರ ಮೀನಖಂಡದಲ್ಲಿ ಅಂಥದೇ ಗೆರೆ ಕಂಡು ಅವರನ್ನೂ ಚರ್ಮರೋಗ ವಿಭಾಗಕ್ಕೆ ಕಳಿಸಿದ್ದೇನೆ. ಅವರ ಪ್ಯಾಚ್ ಟೆಸ್ಟ್ ಕೊಯ್ಲು ಮುಗಿದ ಮೇಲೆ ನಡೆಯಲಿದೆ. ಮುಂದಿನ ಮುಂಗಾರಿಗೆ ಕೊಳ್ಳುವ ಗಂಬೂಟುಗಳಲ್ಲಿ ಕೆಲವನ್ನಾದರೂ ಪಿವಿಸಿಯದೇ ತರಿಸುವುದಾಗಿ ತೋಟದವರು ಒಪ್ಪಿದ್ದಾರೆ, ಯಾರಿಗೆ ಎಷ್ಟನೇ ನಂಬರಿನದು ಬೇಕೆಂಬ ಪಟ್ಟಿಯನ್ನು ಗಿರಿಜಮ್ಮನವರೇ ಮನೆಮನೆಗೆ ಹೋಗಿ ಬರೆಸುತ್ತಿದ್ದಾರೆ.